ಹೊಸ ಫೋನಿಗೆ ಹಳೇ ಮನುಷ್ಯ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿಂತು ‘ಹೊಸ ಫೋನ್ ತಗೊಂಡೆ’ ಅನ್ನುವುದು ಆಗುಂಬೆಯಲ್ಲಿ ನಿಂತು ‘ಮಳೆ ಬಂತು’ ಅಂದ ಹಾಗೆ. ಯಾರೂ ತಲೆ ಎತ್ತುವುದಿಲ್ಲ. ನಮ್ಮ ಕ್ಯಾಂಟೀನಿನಲ್ಲಿ ಎದುರು ಕೂತು ಉಣ್ಣುವ ಹುಡುಗರ ಮುಂದೆ ನಾನು ಅದನ್ನು ಸಾಂಬಾರಿನ ಬಟ್ಟಲಿಗೆ ತಾಗದಂತೆ, ಆದರೆ ಎಲ್ಲರಿಗೂ ಕಾಣುವಂತೆ ಟೇಬಲ್ಲಿನ ಮೇಲಿಟ್ಟೆ. ಒಬ್ಬ ‘ರ‍್ಯಾಮ್ ಎಷ್ಟು ಸಾರ್?’ ಅಂದ. ಇನ್ನೊಬ್ಬ ‘ಯಾವ ಚಿಪ್ಪು?’ ಅಂದ. ಮೂರನೆಯವನು ಹಳೇದಕ್ಕೆ ಎಕ್ಸ್‌ಚೇಂಜಲ್ಲಿ ಎಷ್ಟು ಸಿಗುತ್ತಿತ್ತು ಎಂದು ವಿಚಾರಿಸಿದ. ಎಲ್ಲ ಕೇಳಿ ಮುಗಿಸಿ ಮೊಸರನ್ನಕ್ಕೆ ಬಂದಾಗ, ‘ಇನ್ನೊಂದ್ ಹದಿನೈದ್ ದಿನ ತಡ್ಕೊಂಡಿದ್ರೆ ಸೇಲ್ ಬರ್ತಿತ್ತಲ್ಲ ಸಾರ್’ ಎಂಬ ತೀರ್ಪು ಬಂತು. ಹೊಸ ಫೋನ್ ಕೊಂಡವನಿಗೆ ಈ ಸೀಮೆಯಲ್ಲಿ ಸಿಗುವ ಆಶೀರ್ವಾದ ಇಷ್ಟೇ: ನೀನು ಸ್ವಲ್ಪ ಮೋಸಹೋದೆ.

ಈ ನೆಲಕ್ಕೆ ಫೋನಿನ ಬಗ್ಗೆ ಇಷ್ಟು ಅಸಡ್ಡೆ ಮೊದಲಿನಿಂದ ಇದ್ದದ್ದಲ್ಲ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಆ ಸಂಸ್ಥೆಯ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗರು ಬೆಂಗಳೂರನ್ನು ಭಾರತದ ಸಿಲಿಕಾನ್ ವ್ಯಾಲಿ ಮಾಡುವ ಕನಸು ಕಾಣುತ್ತಿದ್ದ ಕಾಲಕ್ಕೆ, ಅದೇ ಬೆಂಗಳೂರಿನ ಮಧ್ಯಮ ವರ್ಗದವರು ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗು, ಫೋನ್ ಬರುವ ಹೊತ್ತಿಗೆ ಅದನ್ನೆತ್ತಿ ‘ಅಪ್ಪ ಮನೇಲಿಲ್ಲ’ ಎಂದು ಸುಳ್ಳು ಹೇಳುವಷ್ಟು ಬೆಳೆದಿರುತ್ತಿತ್ತು. ಬಂದ ಫೋನಿಗೆ ಅರಿಶಿನ ಕುಂಕುಮ, ಕಸೂತಿಯ ಹೊದಿಕೆ, ಡಯಲ್ಲಿಗೊಂದು ಬೀಗ. ಈಗ ಅದೇ ನೆಲದಲ್ಲಿ ಆರ್ಡರ್ ಮಾಡಿದ ಫೋನು ಕೊತ್ತಂಬರಿ ಸೊಪ್ಪಿನ ಜತೆ ಒಂದೇ ಚೀಲದಲ್ಲಿ ಹತ್ತು ನಿಮಿಷಕ್ಕೆ ಗೇಟಿಗೆ ಬರುತ್ತದೆ. ಎರಡರಲ್ಲಿ ಹೆಂಡತಿ ಮೊದಲು ಬಿಚ್ಚಿ ನೋಡುವುದು ಕೊತ್ತಂಬರಿಯನ್ನು. ಅದು ಬಾಡಿರುವ ಸಂಭವ ಹೆಚ್ಚು.

ನನ್ನ ಹಳೆಯ ಫೋನ್ ಸತ್ತಿರಲಿಲ್ಲ. ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಹೊರಟರೆ ಮಧ್ಯಾಹ್ನಕ್ಕೆ ನಲವತ್ತು ತೋರಿಸಿ, ನಲವತ್ತರಿಂದ ಒಮ್ಮೆಲೇ ಕಣ್ಣು ಮುಚ್ಚುತ್ತಿತ್ತು. ಚಾರ್ಜ್ ಆಗುವ ಕಿಂಡಿ ಸಡಿಲವಾಗಿತ್ತು. ವೈರನ್ನು ಒಂದು ಕೋನಕ್ಕೆ ಬಗ್ಗಿಸಿ, ಮೇಲೆ ಕನ್ನಡಕದ ಡಬ್ಬಿ ಹೇರಿದರೆ ಮಾತ್ರ ಉಸಿರಾಡುತ್ತಿತ್ತು. ಇದಕ್ಕೆಲ್ಲ ನಾನು ಹೊಂದಿಕೊಂಡಿದ್ದೆ. ಹೊಂದಿಕೊಳ್ಳದೇ ಹೋದದ್ದು ಬ್ಯಾಂಕಿನ ಆ್ಯಪ್. ಈ ಫೋನಿಗೆ ಭದ್ರತೆಯ ಅಪ್‌ಡೇಟ್ ನಿಂತುಹೋಗಿದೆ, ಇನ್ನು ನಾನು ಇದರಲ್ಲಿ ಓಡುವುದಿಲ್ಲ ಎಂದು ಒಂದು ಬೆಳಿಗ್ಗೆ ಕೈಯೆತ್ತಿಬಿಟ್ಟಿತು. ಗಾಜು ಒಡೆದು ಫೋನ್ ಬದಲಿಸುವವರು ಪುಣ್ಯವಂತರು, ಅವರಿಗೆ ಕಾರಣ ಕಣ್ಣಿಗೆ ಕಾಣುತ್ತದೆ. ಕೈಯಲ್ಲಿ ಇನ್ನೂ ಗಟ್ಟಿಯಾಗಿರುವ ವಸ್ತುವನ್ನು ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಮೂಲೆಗಿಡುವುದು ಐವತ್ತು ದಾಟಿದ ಗುಮಾಸ್ತನಿಗೆ ಅಷ್ಟು ಹಿತವಾದ ಕೆಲಸವಲ್ಲ.

ಡಬ್ಬಿ ತೆಗೆದಾಗ ಬಂದ ಮೊದಲ ಅನಿಸಿಕೆ, ಇದರಲ್ಲಿ ಏನೋ ಕಡಿಮೆಯಿದೆ ಎಂದು. 2020ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ ಐಫೋನ್ 12ರ ಡಬ್ಬಿಯಲ್ಲಿ ಚಾರ್ಜರ್ ಇಡುವುದನ್ನು ನಿಲ್ಲಿಸಿ, ಪರಿಸರಕ್ಕಾಗಿ ಹೀಗೆ ಮಾಡಿದೆವು ಎಂದಿತು. ಆಗ ಗೇಲಿ ಮಾಡಿದವರೂ ಆಮೇಲೆ ಅದನ್ನೇ ಮಾಡಿದರು. ಹಾಗಾಗಿ ಈಗ ಡಬ್ಬಿಯೊಳಗೆ ಫೋನು, ಒಂದು ವೈರು, ಯಾರೂ ಓದದ ಮಡಿಸಿದ ಕಾಗದ ಮತ್ತು ಸಿಮ್ಮಿನ ತಟ್ಟೆ ಹೊರಗೆಳೆಯುವ ಒಂದು ಸೂಜಿ. ಆ ಸೂಜಿ ನನಗೆ ಬಹಳ ಇಷ್ಟ. ಇಡೀ ಡಬ್ಬಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಪೂರ್ತಿ ಅರ್ಥವಾಗಿರುವ ಸಾಮಾನು ಅದೊಂದೇ. ಅದು ಕಳೆದುಹೋಗುವ ಸಾಮಾನೂ ಹೌದು. ನಮ್ಮ ಮನೆಯಲ್ಲಿ ಇದುವರೆಗೆ ಬಂದ ಎಲ್ಲ ಫೋನುಗಳ ಸಿಮ್ಮನ್ನೂ ಹೆಂಡತಿಯ ಸೇಫ್ಟಿ ಪಿನ್ನೇ ತೆಗೆದಿದೆ.

ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ನೋಯ್ಡಾದ ವಿಳಾಸವಿತ್ತು. ನಗು ಬಂತು. ನಮ್ಮ ಪೂರ್ವಕ್ಕೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಹಾಕಿದ್ದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ಉತ್ತರಕ್ಕೆ ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಇದೆ. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಕಡೆ ಟಾಟಾ ಎಲೆಕ್ಟ್ರಾನಿಕ್ಸ್ ಇದೆ. ಇಷ್ಟು ಫೋನುಗಳ ನಡುವೆ ಕೂತಿರುವ ಎಲೆಕ್ಟ್ರಾನಿಕ್ ಸಿಟಿಯವನ ಜೇಬಿಗೆ ಫೋನು ಬರಬೇಕಾದರೆ ದಿಲ್ಲಿಯ ಮಗ್ಗುಲಿಂದ ಲಾರಿ ಹತ್ತಬೇಕು. ಆದರೆ ಯೋಚಿಸಿದರೆ ಇದು ಇಲ್ಲಿನ ಪದ್ಧತಿಗೆ ಸರಿಯಾಗಿಯೇ ಇದೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಒಡಿಶಾದವನು, ಲಿಫ್ಟ್ ರಿಪೇರಿಯವನು ಧರ್ಮಪುರಿಯವನು, ಮೇಲಿನ ಮನೆಯವರು ಕಾನ್ಪುರದವರು, ನಾನು ಕೊಪ್ಪದವನು. ಫೋನೊಂದು ಯಾಕೆ ಇಲ್ಲಿಯದೇ ಆಗಬೇಕು?

ಅದನ್ನು ಹಿಡಿದು ನೀಲಾದ್ರಿ ರಸ್ತೆಯ ಅಂಗಡಿಗೆ ಹೋದೆ. ಟೆಂಪರ್ಡ್ ಗ್ಲಾಸ್ ಹಾಕಿಸದ ಫೋನನ್ನು ಹಿಡಿದು ಓಡಾಡುವ ಧೈರ್ಯ ಈ ರಸ್ತೆಯಲ್ಲಿ ಯಾರಿಗೂ ಇಲ್ಲ. ಅಂಗಡಿಯ ಹುಡುಗ ಅಸ್ಸಾಮಿನವನು, ಕನ್ನಡವನ್ನು ಗಿರಾಕಿಗಳಿಂದಲೇ ಕಲಿತವನು. ಮೊದಲು ಸ್ಪಿರಿಟ್ಟಿನ ವಾಸನೆಯ ಒದ್ದೆ ಕಾಗದದಿಂದ ಒರೆಸಿದ. ಆಮೇಲೆ ಒಣ ಬಟ್ಟೆ. ಆಮೇಲೆ ಒಂದು ಅಂಟುಪಟ್ಟಿಯನ್ನು ಪರದೆಯ ಮೇಲೆ ಅಲ್ಲಲ್ಲಿ ಒತ್ತಿ ಒತ್ತಿ, ನನ್ನ ಕಣ್ಣಿಗೆ ಕಾಣದ ಧೂಳಿನ ಕಣಗಳನ್ನು ಎತ್ತಿದ. ಫ್ಯಾನ್ ಆರಿಸಿದ. ಗಾಜನ್ನು ಎರಡು ಬೆರಳಲ್ಲಿ ಹಿಡಿದು, ಮೇಲಿನ ಅಂಚನ್ನು ಸರಿಹೊಂದಿಸಿ, ಕೈಬಿಟ್ಟ. ನಡುವೆ ಒಂದು ಬೆರಳು ಒತ್ತಿದ್ದೇ ತಡ, ಅಂಟು ತಾನಾಗಿ ನಾಲ್ಕೂ ಕಡೆ ಹರಿದು ಮೂಲೆಗಳನ್ನು ಮುಟ್ಟಿತು. ಒಂದು ಗುಳ್ಳೆ ಮಾತ್ರ ಉಳಿಯಿತು. ಅದನ್ನು ಉಗುರಿನಿಂದ ಅಂಚಿನವರೆಗೆ ಅಟ್ಟಿಕೊಂಡು ಹೋಗಿ ಹೊರಹಾಕಿದ. ಇಷ್ಟೂ ಹೊತ್ತು ಹೆಗಲಿಗೂ ಕಿವಿಗೂ ನಡುವೆ ಇಟ್ಟುಕೊಂಡಿದ್ದ ತನ್ನ ಫೋನಿನಲ್ಲಿ ಊರಿನವರ ಜತೆ ಮಾತಾಡುತ್ತಲೇ ಇದ್ದ. ಅವನ ಫೋನಿನ ಗಾಜು ಮೂರು ಕಡೆ ಒಡೆದಿತ್ತು.

ಈ ಪರದೆಯ ಗಾಜು ಸಾಮಾನ್ಯದ್ದಲ್ಲ. ಕರಗಿಸಿದ ಪೊಟ್ಯಾಸಿಯಂ ಲವಣದಲ್ಲಿ ಸುಮಾರು 400 ಡಿಗ್ರಿ ಶಾಖದಲ್ಲಿ ನೆನೆಸುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಸಣ್ಣ ಸೋಡಿಯಂ ಅಯಾನುಗಳು ಜಾಗ ಬಿಟ್ಟು, ಅಲ್ಲಿಗೆ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಬಂದು ಇಕ್ಕಟ್ಟಿನಲ್ಲಿ ಕೂರುತ್ತವೆ. ಆ ನೂಕುನುಗ್ಗಲೇ ಗಾಜಿನ ಬಲ. ಇಷ್ಟು ವಿದ್ಯೆ ಸುರಿದು ಮಾಡಿದ ಗಾಜನ್ನು ಕಾಪಾಡಲು ನಾವು ಇನ್ನೂರು ರೂಪಾಯಿಯ ಗಾಜು ಅಂಟಿಸುತ್ತೇವೆ. ತೆಳ್ಳಗಿದೆ ಎಂದು ಕೊಂಡ ಫೋನಿಗೆ ದಪ್ಪ ರಬ್ಬರಿನ ಅಂಗಿ ತೊಡಿಸುತ್ತೇವೆ. ಬಣ್ಣ ಆರಿಸಲು ನಾನೂ ಹೆಂಡತಿಯೂ ಅರ್ಧ ಸಂಜೆ ಚರ್ಚಿಸಿದ್ದೆವು. ಆ ತಿಳಿ ಹಸಿರು ಬಣ್ಣವನ್ನು ನಾನು ಕೊನೆಯ ಸಲ ನೋಡಿದ್ದು ಆ ಅಂಗಡಿಯಲ್ಲೇ.

ಮನೆಗೆ ಬಂದು ಹಳೆಯದನ್ನೂ ಹೊಸದನ್ನೂ ಒಂದು ವೈರಿನಿಂದ ಜೋಡಿಸಿ ಟೀಪಾಯಿಯ ಮೇಲೆ ಮಲಗಿಸಿದೆ. ಹಳೆಯದರಲ್ಲಿದ್ದ ಸಕಲವೂ ಹೊಸದಕ್ಕೆ ಹೋಗುತ್ತದೆ ಎಂದಿತು ಪರದೆ. ಸಕಲವೂ ಹೋಯಿತು. ಯಾರು ಕಳಿಸಿದರೋ ಗೊತ್ತಿಲ್ಲದ ಸಾವಿರಾರು ಶುಭೋದಯಗಳು, ನೀರಿನ ಟ್ಯಾಂಕರಿನವನ ಮೂರು ನಂಬರು, ಎಂದೋ ಮಾರಿದ ಸ್ಕೂಟರಿನ ಇನ್ಶೂರೆನ್ಸು, ಅಡಿಕೆ ಧಾರಣೆಯ ಫೋಟೋಗಳು, ಮದುವೆಯೊಂದರ ಲೊಕೇಶನ್ನು. ಆ ದಂಪತಿಗೆ ಈಗ ಶಾಲೆಗೆ ಹೋಗುವ ಮಗನಿದ್ದಾನೆ. ಮುಕ್ಕಾಲು ಗಂಟೆ ಕಳೆದಾಗ ಹೊಸ ಫೋನು ಹಳೆಯದರಷ್ಟೇ ಹಳೆಯದಾಗಿತ್ತು. ಹಳೆಯ ಫೋನ್ ಬಿಟ್ಟು ಬರುವುದು ಸುಲಭ, ಹಳೆಯ ಕಸ ಬಿಟ್ಟು ಬರಲು ಕಂಪನಿಗಳೇ ಬಿಡುವುದಿಲ್ಲ.

ಆದರೆ ಆ ಕಸದ ಜತೆ ನಾನು ಹೋಗಲಿಲ್ಲ. ಹೊಸ ಫೋನ್ ತೆಗೆದುಕೊಂಡ ಮೇಲೆ ಅದರ ಪರಿಚಯ ಮಾಡಿಕೊಳ್ಳಬೇಕಾದವರು ನಾವು ಎಂದು ಎಲ್ಲರೂ ಅಂದುಕೊಂಡಿರುತ್ತೇವೆ. ಅದು ನಮಗೆ ಬೇಗ ಗೊತ್ತಾಗುತ್ತದೆ, ಒಂದು ಸಂಜೆ ಸಾಕು. ನಾವು ಯಾರು ಎಂದು ಅದಕ್ಕೆ ಒಪ್ಪಿಸುವುದೇ ದೊಡ್ಡ ಕೆಲಸ. ಹೆಬ್ಬೆಟ್ಟು ಇಡಿ ಎಂದಿತು. ಎತ್ತಿ ಇಡಿ, ಸ್ವಲ್ಪ ವಾಲಿಸಿ ಇಡಿ, ಅಂಚು ಒತ್ತಿ ಇಡಿ. ನನ್ನದು ಲೆಕ್ಕ ಬರೆಯುವ ಕೈ, ಬೇಗ ಒಪ್ಪಿತು. ಕುತೂಹಲಕ್ಕೆ ಹೆಂಡತಿಯ ಬೆರಳನ್ನೂ ಸೇರಿಸಲು ಹೋದರೆ, ಸ್ವಚ್ಛ ಮಾಡಿ ಮತ್ತೆ ಪ್ರಯತ್ನಿಸಿ ಎಂದಿತು. ದಿನವೂ ಪಾತ್ರೆ ಉಜ್ಜಿ ಸವೆದ ಬೆರಳನ್ನು ಸ್ವಚ್ಛ ಮಾಡುವುದು ಹೇಗೆ? ರೇಷನ್ ಅಂಗಡಿಯ ಯಂತ್ರದ ಮುಂದೆ ಗಾರೆ ಕೆಲಸದವರು, ವಯಸ್ಸಾದ ಹೆಂಗಸರು ಬೆರಳನ್ನು ಸೀರೆಗೆ ಒರೆಸಿ ಒರೆಸಿ ಇಡುವುದನ್ನು ನೋಡಿದ್ದೆ. ಹೆಚ್ಚು ದುಡಿದ ಕೈಯನ್ನು ಯಂತ್ರ ನಿಧಾನವಾಗಿ ನಂಬುತ್ತದೆ.

ಮುಂದಿನ ಸರದಿ ಹಣದ ಆ್ಯಪುಗಳದು. ಯುಪಿಐ 2016ರಲ್ಲಿ ಬಂದದ್ದು. ಅದರ ಕಾವಲಿನ ಕ್ರಮ ತಿಳಿದಾಗ ನನಗೆ ಗೌರವ ಹುಟ್ಟಿತು. ಹೊಸ ಫೋನಿನಲ್ಲಿ ಆ್ಯಪ್ ತೆರೆದರೆ ಅದು ನಮ್ಮ ಸಿಮ್ಮಿನಿಂದ ತಾನಾಗಿ ಒಂದು ಎಸ್‌ಎಂಎಸ್ ಕಳಿಸುತ್ತದೆ. ತೆಗೆದು ನೋಡಿದರೆ ತಲೆಬುಡ ಅರ್ಥವಾಗದ ಅಕ್ಷರ, ಅಂಕಿಗಳ ಸಾಲು. ಅದು ಆ ಕಡೆ ಮುಟ್ಟಿದರೆ, ಈ ನಂಬರಿನ ಸಿಮ್ಮು ಈ ಫೋನಿನೊಳಗೇ ಕೂತಿದೆ ಎಂದು ಖಾತ್ರಿ. ಖಾತ್ರಿಯಾದರೂ ನಂಬಿಕೆ ಪೂರ್ತಿ ಬಂದಿರುವುದಿಲ್ಲ. ಮೊದಲ 24 ಗಂಟೆ 5 ಸಾವಿರ ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ನನ್ನದೇ ದುಡ್ಡು, ನನ್ನದೇ ಬೆರಳು. ಆದರೂ ಒಂದು ದಿನ ನನ್ನ ನಡತೆ ನೋಡಿ ಆಮೇಲೆ ತೀರ್ಮಾನ. ಕಳ್ಳರ ಕಾಟ ಈ ಮಟ್ಟಕ್ಕೆ ಬಂದಿರುವಾಗ ತಪ್ಪೇನೂ ಇಲ್ಲ. ಆದರೂ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಕಟ್ಟಲಾಗದೆ, ಅಸೋಸಿಯೇಶನ್ನಿನವರಿಗೆ ‘ನಾಳೆ ಕೊಡ್ತೀನಿ’ ಅಂದಾಗ, ನನ್ನ ದನಿಯಲ್ಲಿ ಸಾಲಗಾರನ ನಯವಿತ್ತು.

ಎಸ್‌ಎಂಎಸ್ ಹೋಗಿ ಖಾತ್ರಿಯಾಗುವ ನಡುವೆ, ಚಕ್ರ ತಿರುಗುತ್ತಿದ್ದ ಹೊತ್ತಿನಲ್ಲೇ ಟೀ ಕುಡಿದಿದ್ದೆ. ಕಂಪನಿಯ ಹಿಂದಿನ ಗೇಟಿನ ಬಳಿ ತಳ್ಳುಗಾಡಿಯ ಅಕ್ಕ. ಫೋನನ್ನು ಅವರ ಕ್ಯೂಆರ್ ಹಲಗೆಗೆ ತೋರಿಸಿದೆ, ಹಿಂದೆ ತೆಗೆದೆ, ಮತ್ತೆ ತೋರಿಸಿದೆ. ದುಡ್ಡು ಬಂತೆಂದು ಕೂಗಿ ಹೇಳುವ ಅವರ ಡಬ್ಬಿ ಮಾತಾಡಲಿಲ್ಲ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಓಡಾಡುವ ಅಭ್ಯಾಸ ಹೋಗಿ ಎಷ್ಟು ಕಾಲವಾಯಿತೋ. ‘ಫೋನ್ ಹೊಸ್ದು ಅಕ್ಕ, ಇನ್ನೂ ನನ್ನ ಗುರ್ತು ಹಿಡ್ದಿಲ್ಲ’ ಅಂದೆ. ಅಕ್ಕ ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ, ‘ಸಕ್ಕರೆ ಕಮ್ಮಿ ಅಲ್ವಾ ಸಾರ್ ನೀವು? ನಾಳೆ ಕೊಡಿ’ ಅಂದರು. ಅವರಿಗೆ ನನ್ನ ಹೆಸರು ಗೊತ್ತಿಲ್ಲ, ನನಗೆ ಅವರದು ಗೊತ್ತಿಲ್ಲ. ಪ್ಯಾನು, ಆಧಾರು, ಹೆಬ್ಬೆಟ್ಟು, ಮುಖ ಎಲ್ಲ ಒಪ್ಪಿಸಿದರೂ ಫೋನು ತಿಳಿಯದ ಒಂದು ಸಂಗತಿಯ ಮೇಲೆ ಅವರು ನನಗೆ ಹದಿನೈದು ರೂಪಾಯಿ ಸಾಲ ಕೊಟ್ಟರು.

ಊರಿನ ಕಡೆ ಇಂಥ ಪಡಿಪಾಟಲಿಲ್ಲ. ಕೊಪ್ಪದ ಯಾವ ಅಂಗಡಿಯ ಜಗುಲಿಯಲ್ಲಿ ನಿಂತರೂ ‘ನೀವು ಯಾರ ಪೈಕಿ?’ ಎಂಬ ಒಂದೇ ಪ್ರಶ್ನೆ ಬರುತ್ತದೆ. ಅಜ್ಜನ ಹೆಸರು ಹೇಳಿದರೆ ಖಾತೆ ತೆರೆದ ಲೆಕ್ಕ. ಆ ಜಗುಲಿ ಬಿಟ್ಟು ದೊಡ್ಡತೋಗೂರಿನಲ್ಲಿ ಬಾಡಿಗೆಗೆ ಇಳಿದ ಹೊಸದರಲ್ಲಿ, ಅಜ್ಜನ ಹೆಸರಿಗೆ ಇಲ್ಲಿ ಬೆಲೆಯಿಲ್ಲ ಎಂದು ಗೊತ್ತಾಯಿತು. ಬ್ಯಾಂಕಿನ ಖಾತೆಗೆ ವಿಳಾಸದ ಪುರಾವೆ ಬೇಕು, ವಿಳಾಸದ ಪುರಾವೆಗೆ ಬ್ಯಾಂಕಿನ ಪಾಸ್‌ಬುಕ್ ಬೇಕು. ಗ್ಯಾಸಿಗೆ ಬಾಡಿಗೆ ಕರಾರು, ಕರಾರಿಗೆ ಕಂಪನಿಯ ಪತ್ರ, ಪತ್ರಕ್ಕೆ ಮತ್ತೆ ವಿಳಾಸ. ಈ ಬೆಲ್ಟಿನಲ್ಲಿ ನೆಲೆಸಿದ ಪ್ರತಿಯೊಬ್ಬನೂ ಈ ಸುತ್ತನ್ನು ಸುತ್ತಿದವನೇ. ಆಮೇಲೆ ಮರೆತಿರುತ್ತಾನೆ. ಹೊಸ ಫೋನು ಅದನ್ನು ಒಂದು ದಿನದ ಮಟ್ಟಿಗೆ ನೆನಪಿಗೆ ತರುತ್ತದೆ. ನೀನು ಇಲ್ಲಿಗೆ ಬಂದವನು, ಯಾರ ಪೈಕಿ ಎಂದು ಹೇಳು ಅನ್ನುತ್ತದೆ. ಆರು ಅಂಕಿಯ ಓಟಿಪಿ ಹೇಳಿದರೆ ಒಳಗೆ ಬಿಡುತ್ತದೆ.

ಊರುಗಳಿಗೇ ಇಲ್ಲಿ ಇದು ತಪ್ಪಿದ್ದಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೊ ಉದ್ಘಾಟನೆಯಾಯಿತು. 19 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, 16 ನಿಲ್ದಾಣ. ಅದರ ಬೋರ್ಡುಗಳನ್ನು ಓದಿದರೆ ಹಳೆಯ ಹಳ್ಳಿಗಳು ಹೊಸ ಗುರುತು ಪಡೆದುಕೊಂಡು ನಿಂತಿರುವುದು ಕಾಣುತ್ತದೆ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಕೋನಪ್ಪ ಯಾರೋ, ಅವನೂ ಈಗ ಒಂದು ಕಂಪನಿಯ ಹೆಸರು ಹೇಳಿಯೇ ನಿಲ್ದಾಣದೊಳಗೆ ಬರಬೇಕು. ನಾನಾದರೂ ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಳ್ಳುವವನು, ದೂರುವ ಹಕ್ಕಿಲ್ಲ.

ಆಫೀಸಿನ ಮೇಲ್ ತೆರೆಯಲು ಹೋದಾಗ ಈ ನಾಟಕದ ಮುಖ್ಯ ಅಂಕ ನಡೆಯಿತು. ಹೊಸ ಫೋನು, ‘ನೀವೇ ಎಂದು ಖಚಿತಪಡಿಸಲು ನಿಮ್ಮ ಫೋನಿನಲ್ಲಿ ಒಪ್ಪಿಗೆ ಕೊಡಿ’ ಎಂದಿತು. ಯಾವ ಫೋನಿನಲ್ಲಿ? ಹಳೆಯದರಲ್ಲಿ. ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರು ಅಂಕಿಗಳ ಗುಟ್ಟು ಅದರೊಳಗಿದೆ. ಫೋಟೋ, ಶುಭೋದಯ ಎಲ್ಲ ಧಾರೆಯೆರೆದ ಹಳೆಯ ಫೋನು ಅದೊಂದನ್ನು ತನ್ನಲ್ಲೇ ಉಳಿಸಿಕೊಂಡಿತ್ತು. ಐಟಿ ಡೆಸ್ಕಿನ ಹುಡುಗಿ ಬಹಳ ಸಹನೆಯಿಂದ, ‘ಹಳೇದನ್ನ ಆನ್ ಮಾಡಿ ಇಟ್ಕೊಳಿ ಸಾರ್, ಅದೇ ಹೊಸದಕ್ಕೆ ಸಾಕ್ಷಿ’ ಎಂದಳು. ವೈರು ಬಗ್ಗಿಸಿ, ಕನ್ನಡಕದ ಡಬ್ಬಿ ಹೇರಿ, ಅದಕ್ಕೆ ಒಂದಿಷ್ಟು ಜೀವ ತುಂಬಿದೆ. ಯಾವ ಬ್ಯಾಂಕಿಗೂ ಬೇಡವಾಗಿದ್ದ ಆ ಫೋನು ‘ಹೌದು, ಇವರು ಅವರೇ’ ಎಂದು ಹೇಳಿದ ಮೇಲೆಯೇ ಹೊಸದರಲ್ಲಿ ನನ್ನ ಮೇಲ್ ತೆರೆದದ್ದು. ಅಂಗಡಿಯವನು ಎಕ್ಸ್‌ಚೇಂಜಿಗೆ ಅದರ ಬೆಲೆ ಹೇಳಿದ್ದ. ಈ ಕೆಲಸವನ್ನು ಆ ಬೆಲೆಯಲ್ಲಿ ಅವನು ಹಿಡಿದಿರಲಿಲ್ಲ.

ಆ ವಾರವೇ ಬೊಮ್ಮಸಂದ್ರದ ಒಂದು ಕಾರ್ಖಾನೆಗೆ ಬಿಲ್ಲಿನ ತಕರಾರು ಬಗೆಹರಿಸಲು ಹೋಗಬೇಕಾಯಿತು. ಇಲ್ಲಿಯ ಬಹಳಷ್ಟು ಗೇಟುಗಳಲ್ಲಿ ಹೊರಗಿನವರ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ, ಒಳಗಿನದನ್ನು ಫೋಟೋ ಹೊಡೆಯಬಾರದು ಎಂದು. ಹಳೆಯ ಫೋನಿಗೆ ಹಿಂದೊಂದು, ಮುಂದೊಂದು ಸಾಕಾಗುತ್ತಿತ್ತು. ಸೆಕ್ಯುರಿಟಿಯವರು ಹಾಸನದ ಕಡೆಯ ಹಿರಿಯರು, ಮೀಸೆ ಬೆಳ್ಳಗಾದವರು. ಹೊಸದನ್ನು ಮಗುಚಿ ಹಾಕಿ ನೋಡಿದರು. ‘ಇದೇನ್ ಸಾರ್, ಇಷ್ಟೊಂದ್ ಕಣ್ಣು?’ ಅಂದರು. ಒಂದೊಂದಕ್ಕೂ ಒಂದೊಂದು ಕೆಂಪು ಸ್ಟಿಕ್ಕರ್ ಸುಲಿದು ಒತ್ತುತ್ತಾ ಬಂದರು. ಉಳಿದ ಸಣ್ಣ ಬಿಳಿ ಚುಕ್ಕೆಯ ಮೇಲೂ ಒಂದನ್ನು ಇಟ್ಟರು. ‘ಅದು ಕ್ಯಾಮೆರಾ ಅಲ್ಲ, ಲೈಟು’ ಅಂದೆ. ‘ಇರ್ಲಿ ಬಿಡಿ ಸಾರ್, ಲೈಟಿಗೆ ಒಳಗೇನ್ ಕೆಲ್ಸ?’ ಅಂದರು. ಅವರ ರಿಜಿಸ್ಟರಿನಲ್ಲಿ ನನ್ನ ಹೆಸರು, ನಂಬರು, ಬಂದ ಹೊತ್ತು ಬರೆದು, ಯಾರನ್ನು ನೋಡಬೇಕು ಎಂಬ ಕಾಲಮ್ಮನ್ನೂ ತುಂಬಿ ಸಹಿ ಹಾಕಿದೆ. ನೂರಾರು ಆ್ಯಪುಗಳ ಊರಿನಲ್ಲಿ ಆ ಉದ್ದ ಪುಸ್ತಕ ಇನ್ನೂ ಪೆನ್ನಿಗೆ ಕಟ್ಟಿದ ದಾರದ ಸಮೇತ ಬದುಕಿದೆ.

ಇಷ್ಟು ಕಣ್ಣಿರುವುದು ಕಾಣುವುದಕ್ಕಲ್ಲ, ಚೆಂದಗಾಣಿಸುವುದಕ್ಕೆ ಎಂಬುದು ಆಮೇಲಿನ ಅನಿಸಿಕೆ. ಸಂಜೆ ಮೇಲ್ಸೇತುವೆಯ ಕಡೆ ಒಂದು ಚಿತ್ರ ತೆಗೆದೆ. 2010ರಿಂದ ನಮ್ಮ ತಲೆಯ ಮೇಲೆ ಹರಿಯುತ್ತಿರುವ ಆ ಸೇತುವೆ, ಹೊಸೂರು ರಸ್ತೆಯ ಹೊಗೆ, ಮಂಕು ಆಕಾಶ ನನ್ನ ಕಣ್ಣಿಗೆ ಕಂಡದ್ದು. ಫೋನಿಗೆ ಕಂಡದ್ದು ಸ್ವಿಟ್ಜರ್ಲೆಂಡಿನ ಆಕಾಶ. ಒಂದು ಸಲ ಒತ್ತಿದರೆ ಇದು ಹಲವು ಚಿತ್ರಗಳನ್ನು ತೆಗೆದು, ಒಂದರ ಬೆಳಕು ಇನ್ನೊಂದರ ನೆರಳು ಕೂಡಿಸಿ, ತನ್ನ ಲೆಕ್ಕದಲ್ಲಿ ಹೀಗಿರಬೇಕು ಅನಿಸಿದ್ದನ್ನು ಕೊಡುತ್ತದಂತೆ. ನನ್ನದೇ ಚಿತ್ರ ನೋಡಿ ಹೆಂಡತಿ, ‘ರೀ, ಇದ್ಯಾರು ನಿಮ್ಮ ತಮ್ಮನಾ?’ ಎಂದಳು. ನನಗೆ ತಮ್ಮನಿಲ್ಲ. ನಾನು ನಾನೇ ಎಂದು ಅಷ್ಟು ಕಷ್ಟಪಟ್ಟು ಒಪ್ಪಿಸಿದ ಮೇಲೆ, ಅದು ನನ್ನನ್ನು ಬೇರೆ ಯಾರನ್ನೋ ಮಾಡಿ ತೋರಿಸುತ್ತಿದೆ.

ಕಿವಿಯ ವಿಷಯದಲ್ಲೂ ಹೀಗೇ ಆಯಿತು. ಸಂಜೆ ಕಂಪನಿಯಿಂದ ಇಳಿದು ರಸ್ತೆಗೆ ಬಂದವನೇ ಅಮ್ಮನಿಗೆ ಫೋನ್ ಮಾಡುವುದು ನನ್ನ ರೂಢಿ. ‘ಎಲ್ಲಿದ್ದಿ?’ ಅಂದಳು. ರಸ್ತೆಯಲ್ಲಿ ಅಂದೆ. ‘ಸುಳ್ಳು ಹೇಳ್ಬೇಡ ಮಾರಾಯ. ಗಾಡಿ ಸದ್ದೇ ಇಲ್ಲ. ಹುಷಾರಿಲ್ದೆ ಮನೇಲಿ ಮಲಗಿದ್ದಿ ಅಲ್ದಾ?’ ಅಂದಳು. ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಮೈಕುಗಳಿವೆ. ಬಾಯಿಯ ಹತ್ತಿರದ್ದು ಮಾತು ಹಿಡಿದರೆ, ಇನ್ನೊಂದು ಸುತ್ತಲಿನ ಗದ್ದಲ ಹಿಡಿಯುತ್ತದೆ. ಒಳಗಿನ ಚಿಪ್ಪು ಗದ್ದಲವನ್ನು ಕಳೆದು ಮಾತನ್ನಷ್ಟೇ ಕಳಿಸುತ್ತದೆ. ಹೊಸೂರು ರಸ್ತೆಯ ಲಾರಿ, ಬಸ್ಸು, ಹಾರನ್ನು ಒಂದೂ ಕೊಪ್ಪಕ್ಕೆ ಹೋಗಲಿಲ್ಲ. ಅಮ್ಮ ಇಷ್ಟು ವರ್ಷ ನನ್ನ ಮಾತಿಗಿಂತ ಆ ಗದ್ದಲವನ್ನೇ ಕೇಳಿ, ಮಗ ಕೆಲಸಕ್ಕೆ ಹೋಗಿದ್ದಾನೆ, ಮನೆಗೆ ಹೊರಟಿದ್ದಾನೆ ಎಂದು ತಿಳಿದುಕೊಳ್ಳುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಮೆಟ್ರೊದೊಳಗಿಂದ ವಿಡಿಯೊ ಕಾಲ್ ಮಾಡಿ, ಎದುರಿನ ಸೀಟಿನವರನ್ನೆಲ್ಲ ತೋರಿಸಿದ ಮೇಲೆ ಸಮಾಧಾನವಾಯಿತು. ಅವಳಿಗೆ ಫೋನ್ ಹಿಡಿದುಕೊಟ್ಟ ಪಕ್ಕದ ಮನೆಯ ಹುಡುಗಿಗೂ ಒಂದು ದರ್ಶನವಾಯಿತು.

ಬರೆಯುವಾಗಲೂ ಅದು ನನ್ನನ್ನು ಹೊಸಬನೆಂದೇ ತಿಳಿಯಿತು. ಹಳೆಯ ಫೋನು ನನ್ನ ಮಾತಿನ ಚಾಳಿ ಕಲಿತಿತ್ತು. ಎರಡಕ್ಷರ ಒತ್ತಿದರೆ ಉಳಿದದ್ದನ್ನು ಅದೇ ಮುಂದೆ ಹಿಡಿಯುತ್ತಿತ್ತು. ಇದರಲ್ಲಿ ‘ಬರ್ತಾ ಇದ್ದೀನಿ’ ಎನ್ನಲು ಹೋದರೆ ‘ಬರ್ತ್‌ಡೇ’ ಎಂದು ಮುಂದೆ ಬರುತ್ತದೆ. ದೂರಲು ಮನಸ್ಸು ಬರುವುದಿಲ್ಲ, ಯಾಕೆಂದರೆ ನಾನು ಫೋನಿನಲ್ಲಿ ಕನ್ನಡವೇ ಇಲ್ಲದ ಕಾಲ ನೋಡಿದವನು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರದ ಪ್ರಕಾರ ಕನ್ನಡ ಮೂಡಿಸುವ ವಿನ್ಯಾಸವನ್ನು ಕೆ. ಪಿ. ರಾವ್ ಅವರು ಮಾಡಿಟ್ಟಿದ್ದರು. ಆದರೂ ನಮ್ಮ ಫೋನಿನಲ್ಲಿ ಯಾರಾದರೂ ಕನ್ನಡದಲ್ಲಿ ಕಳಿಸಿದರೆ ಸಾಲು ಸಾಲು ಖಾಲಿ ಚೌಕ ಕಾಣುತ್ತಿತ್ತು. ಊಟ, ತಿಂಡಿ, ಜ್ವರ, ಸಾವು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಓದಿದೆವು. ಈಗ ಡಬ್ಬಿಯಿಂದ ತೆಗೆದ ಕೂಡಲೇ ಒತ್ತಕ್ಷರ ಸಮೇತ ಕನ್ನಡ ಬರುತ್ತದೆ. ನನ್ನ ಕನ್ನಡ ಬರಲು ಇನ್ನೊಂದಿಷ್ಟು ದಿನ ಬೇಕು, ಅಷ್ಟೇ.

ಉಳಿದದ್ದು ಹಳೆಯ ಫೋನಿನ ಗತಿ. ಪಕ್ಕದ ಮನೆಯವರು ಪ್ರತಿ ಹೊಸ ಫೋನಿಗೂ ಹಳೆಯದನ್ನು ಹೆಂಡತಿಗೆ, ಹೆಂಡತಿಯದನ್ನು ಅತ್ತೆಗೆ, ಅತ್ತೆಯದನ್ನು ಊರಿನ ತೋಟದ ಆಳಿಗೆ ದಾಟಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲವೂ ಡ್ರಾಯರಿನಲ್ಲೇ ನಿವೃತ್ತಿ. ಸರಿಯಾಗಿ ವಿಲೇವಾರಿ ಮಾಡಬೇಕೆಂದರೆ ದಾರಿಯೇನೋ ಇದೆ. ಇ-ಪರಿಸರ ಎಂಬ ಸಂಸ್ಥೆ ದಾಬಸ್‌ಪೇಟೆಯಲ್ಲಿ 2005ರಿಂದಲೇ ಎಲೆಕ್ಟ್ರಾನಿಕ್ ಕಸವನ್ನು ಬಿಚ್ಚಿ ಲೋಹಗಳನ್ನು ಬೇರ್ಪಡಿಸುತ್ತಿದೆ. ಆದರೆ ಸಾಕ್ಷಿ ಹೇಳಿದವನನ್ನು ಮರುದಿನವೇ ಕರಗಿಸಲು ನನಗೆ ಮನಸ್ಸಾಗಲಿಲ್ಲ. ಇನ್ನೂ ಯಾವ ಆ್ಯಪು ಯಾವಾಗ ‘ನಿಮ್ಮ ಹಳೆಯ ಫೋನಿನಲ್ಲಿ ಒಪ್ಪಿಗೆ ಕೊಡಿ’ ಎನ್ನುತ್ತದೋ ಯಾರಿಗೆ ಗೊತ್ತು.

ಗಾಜು ಹಾಕಿದ ಹುಡುಗ ದುಡ್ಡು ಇಸಿದುಕೊಳ್ಳುವಾಗ, ‘ಆರು ವರ್ಷ ಅಪ್‌ಡೇಟ್ ಬರುತ್ತೆ ಸಾರ್ ಇದಕ್ಕೆ, 2031ರವರೆಗೆ ಟೆನ್ಶನ್ ಇಲ್ಲ’ ಅಂದಿದ್ದ. ಈಚೆಗೆ ಕಂಪನಿಗಳು ಈ ಲೆಕ್ಕವನ್ನು ಮೊದಲೇ ಹೇಳತೊಡಗಿವೆ. ಏಳು ವರ್ಷ ಕೊಡುವವರೂ ಇದ್ದಾರೆ. ಯುರೋಪಿನಲ್ಲಂತೂ 2025ರ ಜೂನ್‌ನಿಂದ ಕನಿಷ್ಠ ಐದು ವರ್ಷ ಕೊಡಲೇಬೇಕೆಂದು ಕಾನೂನಾಗಿದೆ. ಹುಟ್ಟುವಾಗಲೇ ಕೊನೆಯ ವರ್ಷ ಬರೆದುಕೊಂಡು ಬರುವುದು ಫೋನಿಗೂ ನೌಕರನಿಗೂ ಮಾತ್ರ ಇರುವ ಭಾಗ್ಯ. ನನ್ನ ಸರ್ವಿಸು ಮುಗಿಯುವುದೂ 2031ರಲ್ಲೇ. ಅಂದು ಕೊರಳ ಪಟ್ಟಿ ಗೇಟಿನಲ್ಲಿ ಒಪ್ಪಿಸಿ ಬರುತ್ತೇನೆ, ಬ್ಯಾಂಕಿನ ಆ್ಯಪು ಮತ್ತೆ ಕೈಯೆತ್ತುತ್ತದೆ, ಮತ್ತೊಂದು ಫೋನಿಗೆ ಮತ್ತೊಮ್ಮೆ ನಾನು ಯಾರ ಪೈಕಿ ಎಂದು ಹೇಳಬೇಕಾಗುತ್ತದೆ. ಇದನ್ನು ರಾತ್ರಿ ಊಟದ ಹೊತ್ತಿನಲ್ಲಿ ಒಂದು ದೊಡ್ಡ ವಿಚಾರವೆಂಬಂತೆ ಹೆಂಡತಿಗೆ ವಿವರಿಸಿದೆ.

‘ಫೋನಿಗೆ 2031ರವರೆಗೆ ಅಂತೀರಿ, ಸರಿ. ನಿಮಗೆ ಅಪ್‌ಡೇಟ್ ನಿಂತು ಎಷ್ಟು ವರ್ಷ ಆಯ್ತು?’ ಅಂದಳು.

‘ಅಪ್‌ಡೇಟ್ ಇಲ್ಲದೇನೂ ಓಡ್ತಾ ಇರೋದು ಈ ಮನೇಲಿ ನಾನೊಬ್ನೇ’ ಅಂದೆ.

‘ಓಡ್ತಾ ಇದೀರಲ್ಲ, ಅಂಗಡಿ ಮುಚ್ಚೋದ್ರೊಳಗೆ ಒಂದ್ ಪ್ಯಾಕೆಟ್ ಹಾಲು ತಂದ್ಬಿಡಿ’ ಅಂದಳು.